ಕ್ರೈಸ್ತರು ಎದುರುನೋಡುವ ತೀರ್ಪಿನ ದಿನ ಎಂದರೇನು?

2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಬೋಧಕರೊಬ್ಬರ ವಿಡಿಯೊ ಜಗತ್ತನ್ನೇ ಸುತ್ತಿತು. ಆ ತಿಂಗಳ 23 ಅಥವಾ 24ರಂದು ಯೇಸುಕ್ರಿಸ್ತರು ಬಂದು ತಮ್ಮವರನ್ನು ಕರೆದೊಯ್ಯುತ್ತಾರೆ ಎಂದು ಅವರು ಸಾರಿದ್ದರು. ಆ ಎರಡೂ ದಿನಗಳು ಎಂದಿನಂತೆ ಕಳೆದುಹೋದವು. ಆದರೆ ಆಗ ಎದ್ದ ಪ್ರಶ್ನೆಗಳು ಉಳಿದುಕೊಂಡಿವೆ. ಬೆಳಗಾವಿಯ ಕ್ಯಾಂಪ್ ಪ್ರದೇಶದ ಚರ್ಚುಗಳನ್ನು ದಿನವೂ ನೋಡುತ್ತ ಓಡಾಡುವ, ಆದರೆ ಒಳಗೆ ಏನು ಬೋಧಿಸುತ್ತಾರೆಂದು ತಿಳಿಯದ ಅನೇಕರು ನನ್ನನ್ನು ಕೇಳಿದ್ದಾರೆ: ಪ್ರಳಯ ಆಗುತ್ತದೆ ಎಂದು ಕ್ರೈಸ್ತರು ನಂಬುತ್ತಾರೆಯೇ? ಅದಕ್ಕೆ ತಾರೀಖು ಗೊತ್ತಾಗಿದೆಯೇ? ಕೇಳಿದವರಲ್ಲಿ ಒಬ್ಬಿಬ್ಬರು ನಿಜವಾಗಿಯೂ ಹೆದರಿದ್ದರು. ಎರಡು ಸಾವಿರ ವರ್ಷಗಳಿಂದ ಬಂದ ಒಂದು ನಂಬಿಕೆ, ಅರ್ಧ ನಿಮಿಷದ ವಿಡಿಯೊದ ಮೂಲಕ ಬರೀ ಭಯವಾಗಿ ಮನೆ ಸೇರುವುದು ನನಗೆ ಸರಿ ಕಾಣುವುದಿಲ್ಲ. ಆದ್ದರಿಂದ ಮೊದಲಿನಿಂದ ನೋಡೋಣ.

ಈ ನಂಬಿಕೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಲಂಡನ್ ಮಿಷನ್ ಸಂಸ್ಥೆ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದ್ದು 1820ರಲ್ಲಿ. 1904ರಲ್ಲಿ ಆ ಕೆಲಸ ಮೆಥೊಡಿಸ್ಟ್ ಸಭೆಯ ಕೈಗೆ ಬಂತು (ಸಭೆ ಎಂದರೆ ಇಲ್ಲಿ ಕ್ರೈಸ್ತರ ಒಂದು ಪಂಗಡ). ಇಂದಿನ ಬಾಗಲಕೋಟೆ ಜಿಲ್ಲೆಯ, ಖಣಕ್ಕೆ ಹೆಸರಾದ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ 1851ರಲ್ಲಿ ನೆಲೆಯೂರಿತು. ಕ್ಯಾಥೊಲಿಕರ ಬೆಳಗಾವಿ ಧರ್ಮಪ್ರಾಂತ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ, ಸ್ಥಾಪನೆಯಾದದ್ದು 1953ರಲ್ಲಿ. ಇಡೀ ಬೈಬಲ್ ಕನ್ನಡದಲ್ಲಿ 1831ರಲ್ಲೇ ಅಚ್ಚಾಗಿತ್ತು. ಅಂದರೆ ತೀರ್ಪಿನ ದಿನದ ಮಾತನ್ನು ಇಲ್ಲಿನ ಜನ ಕನ್ನಡದಲ್ಲಿ ಓದುತ್ತ ಸುಮಾರು ಇನ್ನೂರು ವರ್ಷಗಳಾದವು.

ನಂಬಿಕೆಯ ತಿರುಳು

ಕ್ರಿ.ಶ. 325ರಲ್ಲಿ ಇಂದಿನ ತುರ್ಕಿಯಲ್ಲಿರುವ ನೈಸಿಯ ಎಂಬ ಊರಿನಲ್ಲಿ ಬಿಷಪ್ಪರ ಮಹಾಸಭೆ ಸೇರಿ, ಕ್ರೈಸ್ತರು ಏನನ್ನು ನಂಬುತ್ತಾರೆ ಎಂಬುದನ್ನು ಚಿಕ್ಕ ಘೋಷಣೆಯಾಗಿ ಬರೆಯಿತು. 381ರಲ್ಲಿ ಅದನ್ನು ವಿಸ್ತರಿಸಲಾಯಿತು. ವಿಶ್ವಾಸ ಪ್ರಮಾಣ ಎಂದು ಕರೆಯುವ ಆ ಘೋಷಣೆಯಲ್ಲಿ, ಜೀವಂತರಿಗೂ ಸತ್ತವರಿಗೂ ನ್ಯಾಯ ತೀರಿಸಲು ಕ್ರಿಸ್ತರು ಮಹಿಮೆಯಿಂದ ಮರಳಿ ಬರುವರು ಎಂಬ ಮಾತಿದೆ. ಕ್ಯಾಥೊಲಿಕ್, ಆರ್ಥೊಡಾಕ್ಸ್ ಮತ್ತು ಹೆಚ್ಚಿನ ಪ್ರೊಟೆಸ್ಟೆಂಟ್ ಸಭೆಗಳು ಇದನ್ನು ಒಪ್ಪುತ್ತವೆ. ಬಾಕಿ ನೂರು ವಿಷಯಗಳಲ್ಲಿ ಜಗಳವಾಡಿದ ಸಭೆಗಳು ಈ ಒಂದು ವಾಕ್ಯದ ಬಗ್ಗೆ ಜಗಳವಾಡಿಲ್ಲ.

ಆ ವಾಕ್ಯದ ಹಿಂದೆ ಒಂದಕ್ಕೊಂದು ಹೆಣೆದುಕೊಂಡ ಕೆಲವು ನಂಬಿಕೆಗಳಿವೆ. ಶಿಲುಬೆಯ ಮೇಲೆ ಸತ್ತು, ಎದ್ದು, ಸ್ವರ್ಗಕ್ಕೆ ಏರಿಹೋದ ಯೇಸು ಇನ್ನೊಮ್ಮೆ ಬರುತ್ತಾರೆ, ಇದು ಪುನರಾಗಮನ. ಆಗ ಸತ್ತವರೆಲ್ಲರೂ ದೇಹಸಹಿತ ಎದ್ದುಬರುತ್ತಾರೆ, ಇದು ಪುನರುತ್ಥಾನ. ಅವರೆಲ್ಲರೂ ದೇವರ ಮುಂದೆ ನಿಂತು ತಮ್ಮ ಬದುಕಿನ ಲೆಕ್ಕ ಒಪ್ಪಿಸುತ್ತಾರೆ. ಇದೇ ಅಂತಿಮ ತೀರ್ಪು. ಆಮೇಲೆ ಹೊಸ ಆಕಾಶ, ಹೊಸ ಭೂಮಿ. ಈ ಕೊನೆಯದನ್ನು ವಿಡಿಯೊಗಳು ಬಹುತೇಕ ಬಿಟ್ಟುಬಿಡುತ್ತವೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಮುಗಿಯುವುದು ಬೆಂಕಿಯಲ್ಲಿ ಅಲ್ಲ. ದೇವರು ಮನುಷ್ಯರ ನಡುವೆ ವಾಸ ಮಾಡುವ, ಅವರ ಕಣ್ಣೀರನ್ನು ಒರಸುವ, ಮರಣವೇ ಇಲ್ಲದ ಒಂದು ನಗರದಲ್ಲಿ. ತೀರ್ಪು ಆ ನಗರಕ್ಕೆ ಮೊದಲು ಆಗಬೇಕಾದ ಕೆಲಸ.

ಕ್ರಿಸ್ಮಸ್ ಬಂದಾಗ ಮನೆಮನೆಯ ಮುಂದೆ ನಕ್ಷತ್ರ ತೂಗುವುದನ್ನು ನಾವೆಲ್ಲ ನೋಡುತ್ತೇವೆ. ಅದಕ್ಕೆ ಹಿಂದಿನ ನಾಲ್ಕು ಭಾನುವಾರಗಳನ್ನು ಆಗಮನ ಕಾಲ ಎನ್ನುತ್ತಾರೆ. ಅದರ ಮೊದಲ ಭಾನುವಾರ ಕ್ಯಾಥೊಲಿಕ್ ಚರ್ಚುಗಳಲ್ಲಿ ಓದುವುದು ಯೇಸು ಹುಟ್ಟಿದ ಗೋದಲಿಯ ಕಥೆಯನ್ನಲ್ಲ, ಯೇಸು ಮತ್ತೆ ಬರುವುದರ ಕುರಿತಾದ ಎಚ್ಚರಿಕೆಯ ಮಾತುಗಳನ್ನು. ಹಾಗಾಗಿ ಚರ್ಚಿಗೆ ಹೋಗುವವರಿಗೆ ಇದು ಪ್ರತಿ ವರ್ಷ ಎದುರಾಗುವ ವಿಷಯ, ದಿಢೀರನೆ ಬಂದ ಸುದ್ದಿಯಲ್ಲ.

ಸುಳ್ಳು ತಕ್ಕಡಿಯ ವಿರುದ್ಧ ಹುಟ್ಟಿದ ಮಾತು

ಈ ನಂಬಿಕೆಯ ಬೇರು ಯೇಸುವಿಗಿಂತ ಸುಮಾರು ಏಳುನೂರೈವತ್ತು ವರ್ಷ ಹಿಂದಕ್ಕೆ, ಯೆಹೂದ್ಯರ ಪ್ರವಾದಿಗಳವರೆಗೆ ಹೋಗುತ್ತದೆ. ಪ್ರವಾದಿ ಎಂದರೆ ಭವಿಷ್ಯ ನುಡಿಯುವ ಜೋಯಿಸನಲ್ಲ; ದೇವರ ಪರವಾಗಿ ಜನರಿಗೂ ಅರಸರಿಗೂ ಮುಖಕ್ಕೆ ಹೇಳುವವನು. ಅಂಥವರಲ್ಲಿ ಒಬ್ಬ ಆಮೋಸ. ಬೆತ್ಲೆಹೇಮಿನ ದಕ್ಷಿಣಕ್ಕಿರುವ ತೆಕೋವದ ಕುರಿಗಾಹಿ. ಉತ್ತರದ ಇಸ್ರಾಯೇಲ್ ರಾಜ್ಯ ಆಗ ಸಿರಿವಂತಿಕೆಯಲ್ಲಿ ಮೆರೆಯುತ್ತಿತ್ತು. ದೇವರು ಒಂದು ದಿನ ಬಂದು ನಮ್ಮ ಶತ್ರುಗಳನ್ನು ಸದೆಬಡಿಯುತ್ತಾನೆ ಎಂದು ಅಲ್ಲಿನವರು ಕಾಯುತ್ತಿದ್ದರು. ಅದನ್ನು ಅವರು ಕರ್ತನ ದಿನ ಎನ್ನುತ್ತಿದ್ದರು.

ಆಮೋಸ ಅಲ್ಲಿಗೆ ಹೋಗಿ ಆ ನಿರೀಕ್ಷೆಯನ್ನು ತಲೆಕೆಳಗು ಮಾಡಿದ. ಆ ದಿನ ನಿಮಗೆ ಬೆಳಕಲ್ಲ, ಕತ್ತಲೆ ಎಂದ. ಸಿಂಹದಿಂದ ತಪ್ಪಿಸಿಕೊಂಡವನಿಗೆ ಕರಡಿ ಎದುರಾದ ಹಾಗೆ, ಮನೆ ಸೇರಿ ಗೋಡೆಗೆ ಕೈ ಊರಿದವನನ್ನು ಹಾವು ಕಚ್ಚಿದ ಹಾಗೆ. ಯಾಕೆ? ಅವನು ಕೊಡುವ ಕಾರಣಗಳು ಪೇಟೆಯ ಕಾರಣಗಳು. ಅಳತೆಯ ಕೊಳಗ ಚಿಕ್ಕದು, ತೂಕದ ಕಲ್ಲು ದೊಡ್ಡದು, ತಕ್ಕಡಿ ಸುಳ್ಳು. ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಕೊಳ್ಳುತ್ತಾರೆ. ಗೋಧಿಯ ಜೊತೆ ಕಸವನ್ನೂ ಮಾರುತ್ತಾರೆ. ಹಬ್ಬ ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆರೆದೇವು ಎಂದು ಚಡಪಡಿಸುತ್ತಾರೆ. ಮಾರುಕಟ್ಟೆಯಲ್ಲಿ ತೂಕದಲ್ಲಿ ಮೋಸಹೋದ ರೈತನಿಗೆ ಆಮೋಸನ ಎಂಟನೆಯ ಅಧ್ಯಾಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದೇವರ ತೀರ್ಪು ಮೊದಲು ಬರುವುದು ಪರದೇಶದವರ ಮೇಲಲ್ಲ, ದೇವರ ಹೆಸರು ಹೇಳಿಕೊಂಡು ಮೋಸ ಮಾಡುವವರ ಮೇಲೆ ಎಂಬುದು ಅವನ ಸಂದೇಶ. ಕ್ರಿ.ಪೂ. 722ರ ಹೊತ್ತಿಗೆ ಆ ರಾಜ್ಯ ಅಸ್ಸೀರಿಯದವರಿಗೆ ಸೋತು ಇಲ್ಲವಾಯಿತು.

ಮುಂದೆ ಇನ್ನೊಂದು ಕಠಿಣ ಪ್ರಶ್ನೆ ಎದ್ದಿತು. ಕ್ರಿ.ಪೂ. 167ರ ಸುಮಾರಿಗೆ ಗ್ರೀಕ್ ಅರಸ ನಾಲ್ಕನೆಯ ಆಂಟಿಯೋಕಸ್ ಯೆಹೂದ್ಯರ ಆಚರಣೆಗಳನ್ನು ನಿಷೇಧಿಸಿದ. ಬಿಡೆನು ಎಂದವರು ಸತ್ತರು, ಬಿಟ್ಟವರು ಬದುಕಿದರು. ಒಳ್ಳೆಯವನು ಎಳೆಯ ವಯಸ್ಸಿನಲ್ಲೇ ಕೊಲೆಯಾಗಿ, ಕೊಂದವನು ಸುಖವಾಗಿ ಮುದುಕನಾದರೆ ನ್ಯಾಯ ಎಲ್ಲಿದೆ? ಬೈಬಲಿನ ದಾನಿಯೇಲನ ಪುಸ್ತಕ ಈಗಿನ ರೂಪ ಪಡೆದದ್ದು ಆ ಸಂಕಟದ ಕಾಲದಲ್ಲಿ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ; ಸಾಂಪ್ರದಾಯಿಕ ನಿಲುವಿನವರು ಅದನ್ನು ಇನ್ನೂ ಹಳೆಯದೆನ್ನುತ್ತಾರೆ. ಅದರ ಹನ್ನೆರಡನೆಯ ಅಧ್ಯಾಯದಲ್ಲಿ ಉತ್ತರ ಇದೆ: ಮಣ್ಣಿನಲ್ಲಿ ನಿದ್ರಿಸುವವರು ಎಚ್ಚರಗೊಳ್ಳುವರು, ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯ ನಿಂದೆಗೆ. ಸಾವು ಕೂಡ ಲೆಕ್ಕವನ್ನು ಮುಚ್ಚಿಹಾಕಲಾರದು ಎಂಬ ನಂಬಿಕೆ ಹೀಗೆ ಸ್ಪಷ್ಟ ರೂಪ ಪಡೆಯಿತು. ತೀರ್ಪಿನ ದಿನದ ಮಾತು ಅನ್ಯಾಯಕ್ಕೆ ಒಳಗಾದವರ ಬಾಯಲ್ಲಿ ಹುಟ್ಟಿದ್ದು. ಅವರಿಗೆ ಅದು ಬೆದರಿಕೆಯಾಗಿರಲಿಲ್ಲ, ಭರವಸೆಯಾಗಿತ್ತು. ಇದನ್ನು ಮರೆತರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ ಎಂದು ನನಗೆ ಅನಿಸುತ್ತದೆ.

ಕುರಿ, ಆಡು ಮತ್ತು ಸಿಂಹಾಸನ

ಯೇಸು ಈ ದಿನದ ಬಗ್ಗೆ ಹೇಳಿದ ಅತ್ಯಂತ ಪ್ರಸಿದ್ಧ ಮಾತು ಬೈಬಲಿನಲ್ಲಿ ಯೇಸುವಿನ ಬದುಕು ಬೋಧನೆಗಳನ್ನು ಹೇಳುವ ಪುಸ್ತಕಗಳಲ್ಲಿ ಒಂದಾದ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿದೆ. ಮನುಷ್ಯಕುಮಾರನು, ಅಂದರೆ ಯೇಸು ತಮ್ಮನ್ನು ಕರೆದುಕೊಂಡ ಹೆಸರಿನವನು, ಸಿಂಹಾಸನದ ಮೇಲೆ ಕುಳಿತಿರುತ್ತಾನೆ. ಎಲ್ಲ ಜನಾಂಗಗಳು ಮುಂದೆ ಸೇರಿರುತ್ತವೆ. ಕುರುಬನು ಕುರಿಗಳನ್ನು ಆಡುಗಳಿಂದ ಬೇರೆ ಮಾಡುವ ಹಾಗೆ ಅವನು ಜನರನ್ನು ಬೇರೆ ಮಾಡುತ್ತಾನೆ. ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ.

ಬಾಗಲಕೋಟೆ, ವಿಜಯಪುರದ ಹೊಲಗಳಲ್ಲಿ ಹಿಂಡು ಕಂಡವರಿಗೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಕುರಿಯೂ ಆಡೂ ಒಂದೇ ಹಿಂಡಿನಲ್ಲಿ ದಿನವಿಡೀ ಮೇಯುತ್ತವೆ, ಒಂದೇ ಹಳ್ಳದಲ್ಲಿ ನೀರು ಕುಡಿಯುತ್ತವೆ. ದೂರದಿಂದ ನೋಡುವವರಿಗೆ ಎಲ್ಲವೂ ಒಂದೇ. ಬೇರೆ ಮಾಡಬೇಕಾದಾಗ ಕುರುಬನೇ ಬೇರೆ ಮಾಡುತ್ತಾನೆ. ಕುರಿ ಇನ್ನೊಂದು ಕುರಿಯನ್ನು ಆರಿಸುವುದಿಲ್ಲ. ಯೇಸುವಿನ ಹೋಲಿಕೆಯ ಮುಖ್ಯ ಅಂಶ ಇದೇ. ವಿಂಗಡಣೆ ಇದೆ, ಆದರೆ ಅದರ ಹೊತ್ತು ಬೇರೆ, ಮಾಡುವವನು ಬೇರೆ. ಅದೇ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಗೋಧಿಯ ಹೊಲದಲ್ಲಿ ಕಳೆ ಬೆಳೆದಾಗ, ಕೀಳಲೇ ಎಂದು ಕೇಳಿದ ಆಳುಗಳಿಗೆ ಒಡೆಯನು ಬೇಡ, ಸುಗ್ಗಿಯ ತನಕ ಎರಡೂ ಬೆಳೆಯಲಿ ಎನ್ನುತ್ತಾನೆ.

ಮತ್ತೆ 25ನೆಯ ಅಧ್ಯಾಯಕ್ಕೆ ಬರೋಣ. ಬಲಗಡೆಯವರಿಗೆ ಅರಸನು ಹೇಳುತ್ತಾನೆ: ನಾನು ಹಸಿದಿದ್ದೆ, ಊಟ ಕೊಟ್ಟಿರಿ. ಬಾಯಾರಿದ್ದೆ, ನೀರು ಕೊಟ್ಟಿರಿ. ಪರದೇಶಿಯಾಗಿದ್ದೆ, ಸೇರಿಸಿಕೊಂಡಿರಿ. ಬಟ್ಟೆಯಿರಲಿಲ್ಲ, ಉಡಿಸಿದಿರಿ. ಕಾಯಿಲೆ ಬಿದ್ದಿದ್ದೆ, ಆರೈಕೆ ಮಾಡಿದಿರಿ. ಸೆರೆಯಲ್ಲಿದ್ದೆ, ನೋಡಲು ಬಂದಿರಿ. ಅವರು ಬೆರಗಾಗುತ್ತಾರೆ. ನಿನ್ನನ್ನು ಹಾಗೆ ಯಾವಾಗ ಕಂಡೆವು? ಈ ನನ್ನ ಸಹೋದರರಲ್ಲಿ ಅತ್ಯಲ್ಪನಾದ ಒಬ್ಬನಿಗೆ ಮಾಡಿದ್ದನ್ನು ನನಗೇ ಮಾಡಿದಿರಿ ಎಂಬುದು ಉತ್ತರ. ಎಡಗಡೆಯವರೂ ಅಷ್ಟೇ ಬೆರಗಾಗುತ್ತಾರೆ. ಅವರು ಯಾರನ್ನೂ ಕೊಂದಿಲ್ಲ, ಕದ್ದಿಲ್ಲ. ಮಾಡಬೇಕಾದದ್ದನ್ನು ಮಾಡಲಿಲ್ಲ, ಅಷ್ಟೇ.

ಈ ಭಾಗವನ್ನು ಎಷ್ಟು ಸಲ ಓದಿದರೂ ನನ್ನನ್ನು ತಡೆದು ನಿಲ್ಲಿಸುವುದು ಎರಡೂ ಕಡೆಯವರ ಆ ಬೆರಗು. ತಾನು ಯಾವ ಕಡೆ ಎಂದು ಇಲ್ಲಿ ಯಾರಿಗೂ ಮೊದಲೇ ಗೊತ್ತಿಲ್ಲ. ‘ಅತ್ಯಲ್ಪ ಸಹೋದರರು’ ಎಂದರೆ ಯಾರು ಎಂಬುದರ ಬಗ್ಗೆ ವ್ಯಾಖ್ಯಾನಕಾರರಲ್ಲಿ ಎರಡು ಪಕ್ಷಗಳಿವೆ. ಜಗತ್ತಿನ ಎಲ್ಲ ಬಡವರು ಎನ್ನುವವರು ಕೆಲವರು. ಊರೂರು ಅಲೆದು ಸುವಾರ್ತೆ ಸಾರಿ ಕಷ್ಟಕ್ಕೆ ಸಿಲುಕಿದ ಯೇಸುವಿನ ಶಿಷ್ಯರು ಎನ್ನುವವರು ಇನ್ನು ಕೆಲವರು. ಕ್ರೈಸ್ತರು ಆಸ್ಪತ್ರೆ, ಅನಾಥಾಲಯ, ಕುಷ್ಠರೋಗಿಗಳ ಆರೈಕೆ ಎಂದು ನಡೆಸಿಕೊಂಡು ಬಂದ ಕೆಲಸಗಳ ಹಿಂದೆ ಹೆಚ್ಚಾಗಿ ನಿಂತಿರುವುದು ಮೊದಲ ಓದು.

ನಂಬಿಕೆಯೋ, ಕೆಲಸವೋ?

ಹೊರಗಿನವರನ್ನು ಹೆಚ್ಚು ಗೊಂದಲಕ್ಕೆ ತಳ್ಳುವುದು ಇದು. ಒಬ್ಬರು ಯೇಸುವನ್ನು ನಂಬಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಮಾಡಿದ ಕೆಲಸಕ್ಕೆ ತಕ್ಕ ತೀರ್ಪು ಎನ್ನುತ್ತಾರೆ. ಎರಡೂ ಬೈಬಲಿನಲ್ಲಿವೆ, ಅದೂ ಒಬ್ಬನೇ ಲೇಖಕ, ಮೊದಲ ಶತಮಾನದ ಕ್ರೈಸ್ತ ಬೋಧಕ ಪೌಲನ ಪತ್ರಗಳಲ್ಲಿ. ಮನುಷ್ಯ ನೀತಿವಂತನೆನಿಸಿಕೊಳ್ಳುವುದು ನಂಬಿಕೆಯಿಂದ, ಯೆಹೂದ್ಯರ ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ ಎಂದು ರೋಮಾಪುರದವರಿಗೆ ಬರೆದವನೇ, ದೇಹದಲ್ಲಿದ್ದಾಗ ಮಾಡಿದ ಒಳಿತು ಕೆಡುಕುಗಳಿಗೆ ಫಲ ಪಡೆಯಲು ನಾವೆಲ್ಲ ಕ್ರಿಸ್ತನ ನ್ಯಾಯಾಸನದ ಮುಂದೆ ನಿಲ್ಲಬೇಕು ಎಂದು ಕೊರಿಂಥದವರಿಗೂ ಬರೆದ.

1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಆರಂಭಿಸಿದ ಸುಧಾರಣೆಯ ಕೇಂದ್ರದಲ್ಲಿದ್ದದ್ದು ಈ ಪ್ರಶ್ನೆಯೇ. ಆ ಸುಧಾರಣೆಯಿಂದ ಹುಟ್ಟಿದ ಪ್ರೊಟೆಸ್ಟೆಂಟರ ವಿವರಣೆ: ಪಾಪದಿಂದ ಬಿಡುಗಡೆ ಸಿಗುವುದು ನಂಬಿಕೆಯ ಮೂಲಕ ದೇವರ ಕೃಪೆಯಿಂದ ಮಾತ್ರ, ಒಳ್ಳೆಯ ಕೆಲಸ ಆ ನಂಬಿಕೆ ಜೀವಂತವಾಗಿತ್ತು ಎಂಬುದಕ್ಕೆ ಸಾಕ್ಷಿ. ಕ್ಯಾಥೊಲಿಕರ ವಿವರಣೆ: ಎಲ್ಲವೂ ಕೃಪೆಯಿಂದಲೇ ಆರಂಭ, ಆದರೆ ಮನುಷ್ಯ ಅದಕ್ಕೆ ಮನಸಾರೆ ಸ್ಪಂದಿಸಿ ಪ್ರೀತಿಯಲ್ಲಿ ಬೆಳೆಯಬೇಕು. ಇವೆರಡರ ನಡುವಿನ ದೂರ ಹಿಂದೆ ಅಂದುಕೊಂಡಷ್ಟಿಲ್ಲ ಎಂದು ಕ್ಯಾಥೊಲಿಕರೂ ಲೂಥರನ್ನರೂ 1999ರಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು. ಜಾಗತಿಕ ಮೆಥೊಡಿಸ್ಟ್ ಪರಿಷತ್ತು 2006ರಲ್ಲಿ ಅದಕ್ಕೆ ದನಿಗೂಡಿಸಿತು.

ಸತ್ತ ಕೂಡಲೇ ಏನಾಗುತ್ತದೆ?

ತೀರ್ಪು ಕೊನೆಯ ದಿನ ಎಂದಾದರೆ ನಿನ್ನೆ ಸತ್ತವರು ಈಗ ಎಲ್ಲಿದ್ದಾರೆ? ಕ್ಯಾಥೊಲಿಕ್ ಬೋಧನೆಯಲ್ಲಿ ತೀರ್ಪು ಎರಡು ಬಾರಿ. ಸತ್ತ ಕ್ಷಣದಲ್ಲಿ ಆ ಆತ್ಮಕ್ಕೆ ಮಾತ್ರ ಸಂಬಂಧಿಸಿದ್ದು ಒಂದು. ಲೋಕಾಂತ್ಯದಲ್ಲಿ ಎಲ್ಲರ ಎದುರು ಎಲ್ಲವೂ ಬಯಲಾಗುವುದು ಇನ್ನೊಂದು. ಎರಡನೆಯದು ಮೊದಲನೆಯದನ್ನು ಬದಲಿಸುವುದಿಲ್ಲ, ಪೂರ್ಣಗೊಳಿಸುತ್ತದೆ. ದೇವರ ಸ್ನೇಹದಲ್ಲಿ ಸತ್ತರೂ ಪೂರ್ತಿ ಶುದ್ಧರಾಗದವರು ಶುದ್ಧೀಕರಣದ ಸ್ಥಿತಿಯಲ್ಲಿರುತ್ತಾರೆ, ಬದುಕಿರುವವರ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ ಎಂದೂ ಆ ಸಭೆ ಕಲಿಸುತ್ತದೆ. ನವೆಂಬರ್ 2ರಂದು ಕ್ಯಾಥೊಲಿಕರು ಸ್ಮಶಾನಗಳಲ್ಲಿ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವುದರ ಹಿಂದೆ ಈ ಬೋಧನೆ ಇದೆ. ಪ್ರೊಟೆಸ್ಟೆಂಟ್ ಸಭೆಗಳು ಶುದ್ಧೀಕರಣದ ಸ್ಥಿತಿಯನ್ನು ಒಪ್ಪುವುದಿಲ್ಲ. ಅವುಗಳಲ್ಲೇ ಒಂದು ಪಂಗಡವಾದ ಸೆವೆಂತ್ ಡೇ ಅಡ್ವೆಂಟಿಸ್ಟರು, ಸತ್ತವರು ಎದ್ದೇಳುವ ತನಕ ಅರಿವಿಲ್ಲದ ನಿದ್ರೆಯಲ್ಲಿರುತ್ತಾರೆ ಎನ್ನುತ್ತಾರೆ.

ನೆರೆಯ ನಂಬಿಕೆಗಳ ಜೊತೆ ಇಟ್ಟು ನೋಡಿದರೆ ಇದು ಇನ್ನಷ್ಟು ತಿಳಿಯಾಗುತ್ತದೆ. ಚಿತ್ರಗುಪ್ತನ ಲೆಕ್ಕದ ಪುಸ್ತಕ ನಮಗೆ ಗೊತ್ತಿರುವುದೇ. ಪ್ರಕಟನೆಯ 20ನೆಯ ಅಧ್ಯಾಯದಲ್ಲೂ ಪುಸ್ತಕಗಳು ತೆರೆಯುತ್ತವೆ. ಆದರೆ ಯಮನ ಸಭೆಯ ಆಚೆ ಮರುಜನ್ಮ ಇದೆ. ಕ್ರೈಸ್ತರಲ್ಲಿ ಜನ್ಮ ಒಂದೇ, ತೀರ್ಪು ಮತ್ತೆ ತೆರೆಯದಂಥದ್ದು. ಈ ವಿಷಯದಲ್ಲಿ ಮುಸ್ಲಿಮರ ಕಯಾಮತ್ ಹೆಚ್ಚು ಹತ್ತಿರ: ಅಲ್ಲಿಯೂ ಸತ್ತವರು ಎದ್ದೇಳುತ್ತಾರೆ, ಕರ್ಮಗಳ ತೂಕ ನಡೆಯುತ್ತದೆ, ಈಸಾ ಎಂದು ಅವರು ಕರೆಯುವ ಯೇಸು ಅದಕ್ಕೂ ಮೊದಲು ಭೂಮಿಗೆ ಮರಳುತ್ತಾರೆ ಎಂಬ ನಂಬಿಕೆಯೂ ಇದೆ. ದೊಡ್ಡ ವ್ಯತ್ಯಾಸವೆಂದರೆ, ಇಸ್ಲಾಂನಲ್ಲಿ ತೀರ್ಪು ಅಲ್ಲಾಹನದು, ಈಸಾ ಒಬ್ಬ ಪ್ರವಾದಿ. ಕ್ರೈಸ್ತರಲ್ಲಿ ತೀರ್ಪುಗಾರ ಯೇಸುವೇ. ಸ್ವತಃ ಅನ್ಯಾಯದ ತೀರ್ಪಿಗೆ ಒಳಗಾಗಿ ಶಿಲುಬೆಗೇರಿದವರು ಕೊನೆಗೆ ನ್ಯಾಯಾಸನದಲ್ಲಿ ಕೂರುತ್ತಾರೆ ಎಂಬುದು ಅವರಿಗೆ ಬಹಳ ದೊಡ್ಡ ಮಾತು.

ತಾರೀಖು ಹೇಳಿದವರು

ವಿಡಿಯೊಗಳಲ್ಲಿ ಕಾಣುವ ‘ಎತ್ತಲ್ಪಡುವಿಕೆ’, ಅಂದರೆ ವಿಶ್ವಾಸಿಗಳು ಇದ್ದಕ್ಕಿದ್ದಂತೆ ಆಕಾಶಕ್ಕೆ ಎತ್ತಿಕೊಳ್ಳಲ್ಪಟ್ಟು ಉಳಿದವರು ಭೂಮಿಯ ಸಂಕಟದಲ್ಲಿ ಸಿಲುಕುವುದು, ಎಲ್ಲ ಕ್ರೈಸ್ತರ ಬೋಧನೆಯಲ್ಲ. ಮೇಘಗಳಲ್ಲಿ ಕರ್ತನನ್ನು ಎದುರುಗೊಳ್ಳುವ ಮಾತು ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿದೆ. ಆದರೆ ಅದನ್ನು ಏಳು ವರ್ಷಗಳ ಸಂಕಟಕ್ಕೂ ಮುಂಚೆ ನಡೆಯುವ ಪ್ರತ್ಯೇಕ ಘಟನೆಯಾಗಿ ಹರಡಿದವರು 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರು. 1909ರಲ್ಲಿ ಬಂದ ಸ್ಕೋಫೀಲ್ಡರ ಟಿಪ್ಪಣಿಗಳುಳ್ಳ ಬೈಬಲ್ ಅದನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. ಪ್ರಕಟನೆಯಲ್ಲಿ ಬರುವ ಸಾವಿರ ವರ್ಷಗಳ ಆಳ್ವಿಕೆ ಅಕ್ಷರಶಃ ಸಾವಿರ ವರ್ಷವೋ ಅಥವಾ ಸಭೆಯ ಇಡೀ ಕಾಲದ ಸಂಕೇತವೋ ಎಂಬ ಚರ್ಚೆ ಇನ್ನೂ ಹಳೆಯದು. ಐದನೆಯ ಶತಮಾನದ ಬಿಷಪ್ ಆಗಸ್ಟೀನರು ಸಂಕೇತ ಎಂದರು, ಕ್ಯಾಥೊಲಿಕ್ ಸಭೆ ಮತ್ತು ಹಲವು ಪ್ರೊಟೆಸ್ಟೆಂಟ್ ಸಭೆಗಳು ಇಂದಿಗೂ ಹಾಗೆಯೇ ಓದುತ್ತವೆ.

ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತ ಬೋಧಕ ದಾನಿಯೇಲನ ಪುಸ್ತಕದ 2300 ದಿನಗಳನ್ನು ವರ್ಷಗಳೆಂದು ಎಣಿಸಿ ಪುನರಾಗಮನ ಹತ್ತಿರ ಬಂತೆಂದು ಸಾರಿದ. ಅವನ ಹಿಂಬಾಲಕರು ಕೊನೆಗೆ 1844ರ ಅಕ್ಟೋಬರ್ 22 ಎಂದು ದಿನ ಗೊತ್ತುಮಾಡಿದರು. ಕೆಲವರು ಬೆಳೆ ಕೊಯ್ಯಲಿಲ್ಲ. ಬೆಳಗಾಯಿತು, ಏನೂ ಆಗಲಿಲ್ಲ. ಅದನ್ನು ಚರಿತ್ರೆಯಲ್ಲಿ ಮಹಾ ನಿರಾಶೆ ಎಂದೇ ಕರೆಯುತ್ತಾರೆ. ಹ್ಯಾರಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೊ ಬೋಧಕ 2011ರ ಮೇ 21 ಎಂದ. ಅದನ್ನು ನಂಬಿ ಉಳಿತಾಯವನ್ನೆಲ್ಲ ಪ್ರಚಾರಕ್ಕೆ ಸುರಿದವರಿದ್ದರು. ಮುಂದಿನ ವರ್ಷ, ತಾರೀಖು ಹೇಳಿದ್ದು ಪಾಪ ಎಂದು ಕ್ಯಾಂಪಿಂಗನೇ ಒಪ್ಪಿಕೊಂಡ. ಹೀಗೆ ಮನೆ ಮಾರಿಕೊಂಡವರ, ಮಕ್ಕಳ ಓದು ನಿಲ್ಲಿಸಿದವರ ನೋವು ಸಣ್ಣದಲ್ಲ. ಅದಕ್ಕೇ ಇದನ್ನು ಒತ್ತಿ ಹೇಳಬೇಕು: ತಾರೀಖು ಎಣಿಸುವುದು ಬೈಬಲಿಗೇ ವಿರುದ್ಧ. ಆ ದಿನವೂ ಆ ಗಳಿಗೆಯೂ ಯಾರಿಗೂ ತಿಳಿಯದು, ಪರಲೋಕದ ದೂತರಿಗೂ ತಿಳಿಯದು, ತಂದೆಗೆ ಮಾತ್ರ ತಿಳಿದಿದೆ ಎಂಬುದು ಮತ್ತಾಯನ 24ನೆಯ ಅಧ್ಯಾಯದಲ್ಲಿರುವ ಯೇಸುವಿನ ಮಾತು.

ಇಷ್ಟು ತಡ ಏಕೆ ಎಂದು ಮೊದಲ ಕ್ರೈಸ್ತರೇ ಕೇಳಿದ್ದರು. ಪೇತ್ರನ ಎರಡನೆಯ ಪತ್ರದ ಉತ್ತರ: ಕರ್ತನಿಗೆ ಒಂದು ದಿನ ಸಾವಿರ ವರ್ಷದಂತೆ, ಸಾವಿರ ವರ್ಷ ಒಂದು ದಿನದಂತೆ, ಅದು ತಡವಲ್ಲ, ಯಾರೂ ನಾಶವಾಗದೆ ಎಲ್ಲರೂ ತಿರುಗಿಕೊಳ್ಳಲಿ ಎಂಬ ತಾಳ್ಮೆ.

ಉಳಿದವರ ಗತಿ?

ಹಿಂದೂ, ಲಿಂಗಾಯತ, ಜೈನ, ಮುಸ್ಲಿಂ ನೆರೆಯವರು ಸಂಕೋಚದಿಂದ ಕೇಳುವ ಪ್ರಶ್ನೆ ಇದು: ನಿಮ್ಮ ತೀರ್ಪಿನ ದಿನ ನಮಗೇನಾಗುತ್ತದೆ? ಇಲ್ಲಿ ಸಭೆಗಳ ಉತ್ತರ ಒಂದೇ ಅಲ್ಲ. ಕ್ಯಾಥೊಲಿಕ್ ಬಿಷಪ್ಪರ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿದ್ದು ಹೀಗೆ: ತಮ್ಮದಲ್ಲದ ಕಾರಣಕ್ಕೆ ಕ್ರಿಸ್ತರ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕುತ್ತ ಅಂತಃಸಾಕ್ಷಿಯಂತೆ ನಡೆಯುವವರೂ ನಿತ್ಯ ರಕ್ಷಣೆಯನ್ನು ಪಡೆಯಬಲ್ಲರು. ಧರ್ಮಶಾಸ್ತ್ರ ಇಲ್ಲದವರ ಹೃದಯದಲ್ಲೂ ಅದರ ಸಾರ ಬರೆದಿದೆ, ಆ ದಿನ ಅವರ ಮನಸ್ಸಾಕ್ಷಿಯೇ ಅವರ ಪರವಾಗಿಯೋ ವಿರುದ್ಧವಾಗಿಯೋ ಮಾತನಾಡುತ್ತದೆ ಎಂದು ಪೌಲನು ರೋಮಾಪುರದವರಿಗೆ ಬರೆದ ಎರಡನೆಯ ಅಧ್ಯಾಯವನ್ನು ಇಂಥ ನಿಲುವಿನವರು ಮುಂದಿಡುತ್ತಾರೆ. ಪ್ರೊಟೆಸ್ಟೆಂಟರಲ್ಲಿ ಇವಾಂಜೆಲಿಕಲ್ ಮತ್ತು ಪೆಂಟೆಕೋಸ್ಟಲ್ ಎನಿಸಿಕೊಳ್ಳುವ ಅನೇಕ ಸಭೆಗಳು ಯೇಸುವನ್ನು ತಿಳಿದು ನಂಬುವುದು ಅಗತ್ಯವೆನ್ನುತ್ತವೆ. ಮನೆ ಬಾಗಿಲಿಗೆ ಬಂದು ಕರಪತ್ರ ಕೊಡುವವರ ಆತುರಕ್ಕೆ ಕಾರಣ ಅದೇ. ಅವರ ಲೆಕ್ಕದಲ್ಲಿ ಹೇಳದೆ ಉಳಿಯುವುದೇ ನೆರೆಯವರಿಗೆ ಮಾಡುವ ಅನ್ಯಾಯ.

ನರಕದ ಬಗ್ಗೆಯೂ ಒಮ್ಮತವಿಲ್ಲ. ಶಿಕ್ಷೆ ಕೊನೆಯಿಲ್ಲದ್ದು ಎಂಬುದು ಬಹುಪಾಲು ಸಭೆಗಳ ಬೋಧನೆ. ದುಷ್ಟರು ಕೊನೆಗೆ ಇಲ್ಲವಾಗುತ್ತಾರೆ ಎನ್ನುವವರಿದ್ದಾರೆ, ಅಡ್ವೆಂಟಿಸ್ಟರು ಅವರಲ್ಲಿ ಸೇರುತ್ತಾರೆ. ಎಲ್ಲರೂ ಎಂದಾದರೂ ದೇವರೊಡನೆ ರಾಜಿಯಾಗುತ್ತಾರೆ ಎಂದು ಆಶಿಸಿದವರು ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್ ಕಾಲದಿಂದಲೂ ಇದ್ದಾರೆ, ಆದರೆ ದೊಡ್ಡ ಸಭೆಗಳು ಅದನ್ನು ಬೋಧನೆಯಾಗಿ ಒಪ್ಪಿಲ್ಲ. ನಮ್ಮ ಕಣ್ಣಿಗೆ ಬೀಳುವ ಭೀಕರ ಚಿತ್ರಗಳಲ್ಲಿ ಹೆಚ್ಚಿನವು ಯೂರೋಪಿನ ಕಲಾವಿದರ ಕೊಡುಗೆ. ಮೈಕೆಲೆಂಜೆಲೊ ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಮಂದಿರದ ಗೋಡೆಯ ಮೇಲೆ 1536ರಿಂದ 1541ರವರೆಗೆ ಬರೆದ ಅಂತಿಮ ತೀರ್ಪು ಅವುಗಳಲ್ಲಿ ಪ್ರಸಿದ್ಧ. ಬೈಬಲಿನಲ್ಲಿರುವುದು ಬೆಂಕಿ, ಹೊರಗಣ ಕತ್ತಲೆ, ಮುಚ್ಚಿದ ಬಾಗಿಲು ಎಂಬ ಕೆಲವೇ ರೂಪಕಗಳು. ಬೆಂಕಿಯೂ ಕತ್ತಲೆಯೂ ಒಂದೇ ಕಡೆ ಇರಲು ಹೇಗೆ ಸಾಧ್ಯ ಎಂದು ಕೇಳಿದವರಿಗೆ, ಅವು ದೇವರಿಂದ ದೂರವಾಗುವುದರ ನೋವನ್ನು ಹೇಳುವ ಮಾತುಗಳು, ಸ್ಥಳದ ವರ್ಣನೆಯಲ್ಲ ಎಂದು ಹಲವು ದೇವಶಾಸ್ತ್ರಜ್ಞರು ಉತ್ತರಿಸುತ್ತಾರೆ.